ಮಗು ಊಟ ಬಿಟ್ಟರೂ ಇನ್ಸುಲಿನ್ ಬಿಡಬೇಡಿ

ಟೈಪ್ 1 ಡಯಾಬಿಟಿಸ್ ಇರುವ ಮಗುವಿಗೆ ಜ್ವರ. ಬೆಳಿಗ್ಗೆಯಿಂದ ಎರಡು ಸಲ ವಾಂತಿ. ‘ಏನೂ ತಿಂದಿಲ್ವಲ್ಲ, ಇವತ್ತು ಸೂಜಿ ಬೇಡ ಬಿಡು’ ಅಂತಾರೆ ಅಜ್ಜಿ. ಸರಿ ಅನ್ನಿಸುತ್ತೆ, ಅಲ್ವಾ? ಎಡವಟ್ಟಾಗುವುದೇ ಇಲ್ಲಿ.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ಮೈಗೆ ದಕ್ಕುವುದಿಲ್ಲ. ಮೈ ತನ್ನ ಕೊಬ್ಬನ್ನೇ ಕರಗಿಸುತ್ತದೆ, ಆಗ ಹುಟ್ಟುವ ಕೀಟೋನ್ ಎಂಬ ಆಮ್ಲ ತುಂಬಿ ರಕ್ತ ಹುಳಿಯಾಗುತ್ತದೆ. ಡಾಕ್ಟರು ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್) ಎನ್ನುವುದು ಇದಕ್ಕೇ. ಹಾಗಾಗಿ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಹೆಚ್ಚು ಕಡಿಮೆ ಮಾಡಿಸಿಕೊಳ್ಳಿ, ಪೂರ್ತಿ ನಿಲ್ಲಿಸಬೇಡಿ.

ಮೂರು ಗಂಟೆಗೊಮ್ಮೆ ಶುಗರ್ ನೋಡಿ, ರಾತ್ರಿಯೂ ಎದ್ದು. 250 mg/dL ದಾಟಿದ್ದರೆ ಅಥವಾ ವಾಂತಿ ಇದ್ದರೆ ಕೀಟೋನ್ ನೋಡಲೇಬೇಕು. ಕೀಟೋನ್ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಕೊಡವಿ, ಡಬ್ಬಿ ಮೇಲೆ ಬರೆದಷ್ಟು ಸೆಕೆಂಡು ಕಾದು ಬಣ್ಣ ಹೋಲಿಸಿ. ಗಾಢ ನೇರಳೆ ಬಂದರೆ ಕೀಟೋನ್ ತುಂಬಾ ಇದೆ ಎಂದರ್ಥ, ತಡ ಮಾಡದೆ ಆಸ್ಪತ್ರೆಗೆ ಹೊರಡಿ. ರಕ್ತದ ಕೀಟೋನ್ ಅಳೆಯುವ ಮೀಟರ್ ಇದ್ದರೆ 0.6 mmol/Lಗಿಂತ ಕಡಿಮೆ ಸರಿ, 1.5 ದಾಟಿದರೆ ಡಾಕ್ಟರಿಗೆ ಫೋನ್, 3 ಮುಟ್ಟಿದರೆ ನೇರ ಆಸ್ಪತ್ರೆ.

ನಡುವೆ ಗುಟುಕು ಗುಟುಕಾಗಿ ನೀರು, ಉಪ್ಪು ಹಾಕಿದ ನೀರುಮಜ್ಜಿಗೆ ಕೊಡುತ್ತಿರಿ. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾಗಿ ಆಳವಾಗಿ ಎಳೆಯುತ್ತಿದ್ದರೆ, ಬಾಯಿಂದ ಕಳಿತ ಹಣ್ಣಿನ ವಾಸನೆ ಬಂದರೆ, ಮಗು ಮಂಪರಾದರೆ ಪಟ್ಟಿ ಹುಡುಕುತ್ತಾ ಕೂರಬೇಡಿ. ಹೊರಡಿ. ಮಕ್ಕಳ ಐಸಿಯು ಇರುವ ಕಡೆ ಒಳ್ಳೆಯದು.

ಅಲ್ಲಿ ಮೊದಲು ಸಲೈನ್. ಇನ್ಸುಲಿನ್ ಶುರುವಾಗುವುದು ಸುಮಾರು ಒಂದು ಗಂಟೆಯ ನಂತರ, ಅದೂ ಗಂಟೆಗೆ ಕಿಲೋ ತೂಕಕ್ಕೆ 0.05ರಿಂದ 0.1 ಯೂನಿಟ್, ನಿಧಾನವಾಗಿ. ಜೊತೆಗೆ ಪೊಟ್ಯಾಸಿಯಂ. ಶುಗರ್ 250-300ಕ್ಕೆ ಇಳಿದಾಗ ಗ್ಲೂಕೋಸ್ ಹನಿಸುತ್ತಾರೆ. ‘ಶುಗರ್ ಇರೋ ಮಗುವಿಗೆ ಗ್ಲೂಕೋಸಾ?’ ಎಂದು ಜಗಳಕ್ಕೆ ನಿಲ್ಲಬೇಡಿ. ಕೀಟೋನ್ ಇಳಿಯುವವರೆಗೂ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಅಷ್ಟರಲ್ಲಿ ಶುಗರ್ ತೀರಾ ಬೀಳದಿರಲಿ ಅಂತ ಈ ಗ್ಲೂಕೋಸ್. ಮಗು ತಲೆನೋವು ಎಂದರೆ, ಅಥವಾ ಮತ್ತೆ ಮಂಕಾದರೆ ತಕ್ಷಣ ನರ್ಸ್ ಕರೆಯಿರಿ. ಅಪರೂಪಕ್ಕೆ ಮೆದುಳು ಊದಿಕೊಳ್ಳುವುದುಂಟು.

ಡಯಾಬಿಟಿಸ್ ಇದೆ ಅಂತಲೇ ಗೊತ್ತಿಲ್ಲದ ಮಕ್ಕಳು ಎಷ್ಟೋ ಸಲ ಡಿಕೆಎ ಆದಮೇಲೇ ಆಸ್ಪತ್ರೆಗೆ ಬರುತ್ತಾರೆ. ಹೊಟ್ಟೆನೋವು, ವಾಂತಿ ನೋಡಿ ಗ್ಯಾಸು ಅಂದುಕೊಳ್ಳುವುದು ಸುಲಭ. ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದೆಯೇ? ಬಾಟಲಿಗಟ್ಟಲೆ ನೀರು ಕುಡಿದೂ ಸೊರಗುತ್ತಿದೆಯೇ? ಮೂತ್ರ ಮಾಡಿದ ಕಡೆ ಇರುವೆ ಮುತ್ತುತ್ತಿವೆಯೇ? ಅವತ್ತೇ ಬೆರಳು ಚುಚ್ಚಿ ಶುಗರ್ ನೋಡಿಸಿ.