ಸಾಣೆಚಕ್ರದ ಕಾರ್ಖಾನೆಯ ಇಂಗಾಲ ಲೆಕ್ಕ ಬರೆಯುವುದು ಹೇಗೆ?

ಮಂಗಳೂರಿನ ಬೈಕಂಪಾಡಿಯಲ್ಲಿ ಸಾಣೆಚಕ್ರ (ಗ್ರೈಂಡಿಂಗ್ ವೀಲ್) ಮಾಡುವ ಪರಿಚಯದವರೊಬ್ಬರು ಕಳೆದ ವರ್ಷ ಒಂದು ಫಾರ್ಮ್ ಹಿಡಿದುಕೊಂಡು ಬಂದಿದ್ದರು. ಅವರಿಂದ ಚಕ್ರ ಕೊಳ್ಳುವ ದೊಡ್ಡ ಕಂಪನಿ ಕಳಿಸಿದ್ದು. ವರ್ಷಕ್ಕೆ ಎಷ್ಟು ಟನ್ ಹಸಿರುಮನೆ ಅನಿಲ ಬಿಡುತ್ತೀರಿ ಎಂಬ ಪ್ರಶ್ನೆ. ಇವರು ಬರೆದಿದ್ದು ಏಳೂವರೆ ಲಕ್ಷ ಟನ್. ಇರುವುದು ಎರಡೇ ಶೆಡ್ ಮಾರಾಯ್ರೆ! ಕೆ.ಜಿ.ಯಲ್ಲಿ ಬಂದ ಲೆಕ್ಕವನ್ನು ಹಾಗೇ ಟನ್ನಿನ ಕಾಲಮ್ಮಿಗೆ ಇಳಿಸಿದ್ದರು. ಅಲ್ಲಿಂದ ಈಚೆಗೆ ಇಂಥ ಏಳೆಂಟು ಫಾರ್ಮ್ ನೋಡಿದ್ದೇನೆ. ತಪ್ಪುಗಳು ಹೆಚ್ಚುಕಡಿಮೆ ಒಂದೇ ಥರ.

ಕೇಳುತ್ತಿರುವವರು ಯಾರು?

ಮೊದಲು ಇದನ್ನು ತಿಳಿದುಕೊಳ್ಳಿ. ಅರ್ಧ ಮಂಡೆಬಿಸಿ ಇಲ್ಲಿಯೇ ಇಳಿಯುತ್ತದೆ.

ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ವರದಿ (ಪರಿಸರ, ಸಾಮಾಜಿಕ ಹೊಣೆಗಾರಿಕೆಯ ಲೆಕ್ಕ) ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ದೊಡ್ಡ ಕಂಪನಿಗಳು ತಮ್ಮ ಖರೀದಿಯಲ್ಲಿ ಶೇ 2 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಪೂರೈಕೆದಾರರ ಲೆಕ್ಕವನ್ನೂ ಕೇಳತೊಡಗಿವೆ. ನಿಮ್ಮ ಮೇಜಿಗೆ ಫಾರ್ಮ್ ಬಂದಿದ್ದು ಬಹುಶಃ ಆ ದಾರಿಯಿಂದಲೇ. ಸರ್ಕಾರದ ನೇರ ಕಟ್ಟಳೆ ನಿಮ್ಮ ಮೇಲಿಲ್ಲ. ಕಾರ್ಖಾನೆಗಳಿಗೆ ಹೊಗೆಯ ಮಿತಿ ಹಾಕುವ ಕೇಂದ್ರದ 2023ರ ಕಾರ್ಬನ್ ಕ್ರೆಡಿಟ್ ಯೋಜನೆಯಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ರಿಫೈನರಿ ಎಲ್ಲ ಇವೆ, ಸಾಣೆಚಕ್ರ ಇಲ್ಲ. ಅಮೆರಿಕದಲ್ಲಿ ಸಿಲಿಕಾನ್ ಕಾರ್ಬೈಡ್ (ಚಕ್ರಕ್ಕೆ ಹಾಕುವ ಉಜ್ಜುವ ಕಾಳು) ಕಾರ್ಖಾನೆಗಳಿಗೆ 2010ರಿಂದ ವರದಿಯ ನಿಯಮ ಬಂತು. ಅದು ಅಲ್ಲಿರುವ ಕಾರ್ಖಾನೆಗಳಿಗೆ, ನಿಮಗಲ್ಲ.

ಯುರೋಪಿಗೆ ರಫ್ತು ಮಾಡುವವರನ್ನು ಹೆದರಿಸಲು ಕೆಲವು ಸಲಹೆಗಾರರು 'ಸಿಬ್ಯಾಮ್' ಎನ್ನುತ್ತಾರೆ. ಆಮದು ಮಾಲಿನ ಇಂಗಾಲಕ್ಕೆ ಯುರೋಪ್ ಹಾಕುವ ಆ ಗಡಿ ತೆರಿಗೆ 2026ರ ಜನವರಿ 1ರಿಂದ ಪೂರ್ತಿ ಜಾರಿಯಾಗಿದೆ ನಿಜ. ಆದರೆ ಅದು ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ವಿದ್ಯುತ್ತಿಗೆ. ನಿಮ್ಮ ಇನ್‌ವಾಯ್ಸ್‌ನಲ್ಲಿ ಕಸ್ಟಮ್ಸ್ ಸಂಖ್ಯೆ 6804 (ಚಕ್ರ) ಅಥವಾ 6805 (ಎಮರಿ ಪೇಪರ್) ಇದ್ದರೆ ಆ ಪಟ್ಟಿಯಲ್ಲಿ ನೀವಿಲ್ಲ. ಸುಮ್ನೆ ದುಡ್ಡು ಕೊಡಬೇಡಿ.

ಗೆರೆ ಎಳೆಯಿರಿ

ಫಾರ್ಮ್‌ನಲ್ಲಿ ಸ್ಕೋಪ್ ಎಂಬ ಮೂರು ಗುಂಪು ಇರುತ್ತವೆ. ನಿಮ್ಮ ಕಾಂಪೌಂಡಿನಿಂದ, ನಿಮ್ಮ ಸ್ವಂತ ವಾಹನಗಳಿಂದ ನೇರವಾಗಿ ಹೊರಬಂದದ್ದು ಸ್ಕೋಪ್ 1. ಕೊಂಡ ಕರೆಂಟು ಸ್ಕೋಪ್ 2. ನಿಮ್ಮ ಕೆಲಸಕ್ಕಾಗಿ ಬೇರೆಯವರ ಬಳಿ ಹೊರಬಂದ ಉಳಿದದ್ದೆಲ್ಲ ಸ್ಕೋಪ್ 3. ಇಷ್ಟೇ.

ಇಂಧನ: ಎಡವುವುದು ಇಲ್ಲೇ

ಎಲ್ಲರೂ ಅಕೌಂಟ್ಸ್ ವಿಭಾಗಕ್ಕೆ ಹೋಗಿ ವರ್ಷದ ಬಿಲ್‌ಗಳನ್ನು ಕೂಡಿಸುತ್ತಾರೆ. ಅದು ನೀವು ಕೊಂಡ ಇಂಧನ. ಫಾರ್ಮ್ ಕೇಳುವುದು ಸುಟ್ಟ ಇಂಧನ. ಮಾರ್ಚ್ 29ಕ್ಕೆ ಬಂದ ಟ್ಯಾಂಕರ್ ಏಪ್ರಿಲ್‌ನಲ್ಲಿ ಉರಿಯುತ್ತದೆ, ಅಲ್ವಾ? ಹಾಗಾಗಿ ಏಪ್ರಿಲ್ 1ರ ದಾಸ್ತಾನಿಗೆ ವರ್ಷದ ಖರೀದಿ ಕೂಡಿಸಿ, ಮಾರ್ಚ್ 31ರ ದಾಸ್ತಾನು ಕಳೆಯಬೇಕು. ಕಿರಾಣಿ ಅಂಗಡಿಯವರಿಗೂ ಗೊತ್ತಿರುವ ಲೆಕ್ಕ. ಆದರೆ ದಾಸ್ತಾನು ಅಳೆದಿಟ್ಟವರನ್ನು ನಾನು ಕಂಡಿದ್ದು ಕಮ್ಮಿ.

ಅಳೆಯುವುದು ಹೇಗೆ? ಡೀಸೆಲ್ ಟ್ಯಾಂಕಾದರೆ ಡಿಪ್ ಸ್ಟಿಕ್ ಇಳಿಸಿ, ಓದಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಎಲ್‌ಪಿಜಿ ಬುಲೆಟ್ ಟ್ಯಾಂಕಿನ ಗೇಜ್ ತೋರಿಸುವುದು ಶೇಕಡಾವಾರು. ಹತ್ತು ಸಾವಿರ ಲೀಟರಿನ ಟ್ಯಾಂಕಿನಲ್ಲಿ ಗೇಜ್ 50 ಎಂದರೆ 5,000 ಲೀಟರ್. ಬಹಳ ಜನ ಇದನ್ನೇ 5,000 ಕೆ.ಜಿ. ಎಂದು ಬರೆಯುತ್ತಾರೆ. ಒಂದು ಲೀಟರ್ ದ್ರವ ಎಲ್‌ಪಿಜಿ ತೂಗುವುದು ಸುಮಾರು 0.54 ಕೆ.ಜಿ. ಅಲ್ಲಿರುವುದು 2,700 ಕೆ.ಜಿ. ಮಾತ್ರ. ಸಿಲಿಂಡರ್ ಬಳಸುವವರು ಇನ್ನೊಂದು ನೋಡಿ. 19 ಕೆ.ಜಿ. ಸಿಲಿಂಡರ್ ವಾಪಸ್ ಹೋಗುವಾಗ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಒಂದು ತಿಂಗಳು ಖಾಲಿ ಸಿಲಿಂಡರ್ ತೂಗಿಸಿ ಸರಾಸರಿ ತೆಗೆಯಿರಿ, ಸಾಕು.

ಪೈಪಿನ ಗ್ಯಾಸ್ ತೆಗೆದುಕೊಂಡವರು ಪುಣ್ಯವಂತರು. ಕೊಚ್ಚಿ-ಮಂಗಳೂರು ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ದಾಸ್ತಾನಿನ ತಲೆನೋವು ಇಲ್ಲ, ಮೀಟರ್ ಓದಿದರೆ ಮುಗಿಯಿತು.

ಡೀಸೆಲನ್ನು ಒಟ್ರಾಶಿ ಒಂದೇ ಸಾಲಿನಲ್ಲಿ ಬರೆಯಬೇಡಿ. ಜನರೇಟರ್, ಫೋರ್ಕ್‌ಲಿಫ್ಟ್, ಸ್ವಂತ ಟೆಂಪೊ, ಎಲ್ಲ ಸ್ಕೋಪ್ 1, ಆದರೆ ಬೇರೆ ಬೇರೆ ಸಾಲು. ಪಣಂಬೂರು ಬಂದರಿಗೆ ಹೋಗುವ ಬಾಡಿಗೆ ಲಾರಿ ಸ್ಕೋಪ್ 3. ಜನರೇಟರಿಗೆ ಮೂರು ತಿಂಗಳ ಲೆಕ್ಕ ತೆಗೆದು ನಾಲ್ಕರಿಂದ ಗುಣಿಸುವ ಅಡ್ಡದಾರಿ ಒಂದಿದೆ. ನಮ್ಮ ಕರಾವಳಿಯಲ್ಲಿ ಅದು ನಡೆಯುವುದಿಲ್ಲ. ಜೂನ್-ಜುಲೈ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದಾಗ ಜನರೇಟರ್ ಓಡುವಷ್ಟು ಜನವರಿಯಲ್ಲಿ ಓಡುತ್ತದಾ?

ಇನ್ನು ಗುಣಾಕಾರ. ಡೀಸೆಲ್ ಲೀಟರಿಗೆ ಸುಮಾರು 2.68 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಎಲ್‌ಪಿಜಿ ಕೆ.ಜಿ.ಗೆ ಸುಮಾರು 2.98. ಏಪ್ರಿಲ್‌ನಲ್ಲಿ 3 ಟನ್ ಎಲ್‌ಪಿಜಿ ಇತ್ತು, 42 ಟನ್ ಕೊಂಡಿರಿ, ಕೊನೆಗೆ 5 ಟನ್ ಉಳಿಯಿತು ಎಂದುಕೊಳ್ಳಿ. ಸುಟ್ಟಿದ್ದು 40 ಟನ್. ಹೊರಬಂದದ್ದು ಸುಮಾರು 119 ಟನ್. ಬಿಲ್ ಮಾತ್ರ ನೋಡಿದ್ದರೆ 125 ಬರುತ್ತಿತ್ತು.

ಒಲೆಗೆ ಗೇರು ಸಿಪ್ಪೆ ಹಾಕುವವರೂ ಇದ್ದಾರೆ. ಅದರ ಕಾರ್ಬನ್ ಡೈಆಕ್ಸೈಡ್ ಸ್ಕೋಪ್ 1ರ ಮೊತ್ತಕ್ಕೆ ಸೇರುವುದಿಲ್ಲ, ಕೆಳಗೆ ಪ್ರತ್ಯೇಕವಾಗಿ ತೋರಿಸಬೇಕು. ಸುಟ್ಟಾಗ ಬರುವ ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸೇರುತ್ತವೆ. 'ಜೈವಿಕ ಇಂಧನ, ಸೊನ್ನೆ' ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಚಕ್ರದೊಳಗಿನಿಂದ ಬರುವುದು

ಒಲೆಯ ಇಂಧನವಷ್ಟೇ ಅಲ್ಲ, ಮಾಲಿನಿಂದಲೂ ಇಂಗಾಲ ಬರುತ್ತದೆ. ವಿಟ್ರಿಫೈಡ್ ಚಕ್ರವನ್ನು (ಗಾಜಿನಂಥ ಅಂಟಿನಿಂದ ಕಾಳು ಹಿಡಿಸಿದ್ದು) ಸುಮಾರು 1,200-1,300 ಡಿಗ್ರಿಯಲ್ಲಿ ಸುಡುತ್ತೀರಿ. ಅಂಟಿನ ಮಿಶ್ರಣದಲ್ಲಿ ಸುಣ್ಣಕಲ್ಲಿನ ಪುಡಿ ಇದ್ದರೆ ಕೆ.ಜಿ.ಗೆ 0.44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ಚಕ್ರದಲ್ಲಿ ರಂಧ್ರ ಬರಲೆಂದು ಹಾಕುವ ನ್ಯಾಫ್ತಲೀನ್, ಅದೇ ಬಟ್ಟೆ ಕಪಾಟಿನ ಗುಳಿಗೆ, ಪೂರ್ತಿ ಉರಿದರೆ ಕೆ.ಜಿ.ಗೆ ಸುಮಾರು 3.4. ಜೇಡಿ, ಫೆಲ್ಡ್‌ಸ್ಪಾರ್‌ಗಳಿಂದ ಏನೂ ಇಲ್ಲ.

ಸಿಲಿಕಾನ್ ಕಾರ್ಬೈಡ್ ಕಾಳನ್ನು ಹೊರಗಿನಿಂದ ತರಿಸುವವರು ಅದನ್ನು ಮಾಡುವಾಗ ಬಂದ ಹೊಗೆಯನ್ನೂ ಸ್ಕೋಪ್ 1ಕ್ಕೆ ತುರುಕುತ್ತಾರೆ. ಮರಳು ಮತ್ತು ಪೆಟ್ ಕೋಕನ್ನು (ರಿಫೈನರಿಯಲ್ಲಿ ಉಳಿಯುವ ಇದ್ದಲಿನಂಥದ್ದು) ಕಾಯಿಸಿ ಆ ಕಾಳು ಮಾಡುವಾಗ, ಟನ್ನಿಗೆ 2.62 ಟನ್ ಕಾರ್ಬನ್ ಡೈಆಕ್ಸೈಡ್ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಕೊಟ್ಟಿರುವ ಅಂಕಿ. ಆ ಹೊಗೆ ಕಾಳು ಮಾಡಿದವನ ಸ್ಕೋಪ್ 1. ನಿಮಗೆ ಅದು ಸ್ಕೋಪ್ 3.

ಕರೆಂಟು

ಮೆಸ್ಕಾಂ ಬಿಲ್‌ನಲ್ಲಿ ಬಳಸಿದ ಯೂನಿಟ್ ಹುಡುಕಿ. ಕೆವಿಎ ಎಂದಿರುವುದು ಡಿಮಾಂಡ್, ಅಂದರೆ ಒಮ್ಮೆಗೆ ಎಳೆದ ಹೊರೆ, ಅದನ್ನು ಬಿಡಿ. ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಹಿಡಿಯಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಪಟ್ಟಿಯಲ್ಲಿ ಆಯಾ ವರ್ಷದ ನಿಖರ ಅಂಕಿ ಇರುತ್ತದೆ, ಅದನ್ನೇ ಹಾಕಿ. ಒಂಬತ್ತು ಲಕ್ಷ ಯೂನಿಟ್ ಎಂದರೆ 630 ಟನ್. ಒಲೆಯನ್ನೂ ಮೀರಿಸುತ್ತದೆ ನೋಡಿ.

ಉಡುಪಿ ಕಡೆಯ ಒಬ್ಬರು, 'ನಮ್ಮದು ವಾರಾಹಿಯ ನೀರಿನ ಕರೆಂಟು, ಸೊನ್ನೆ ಹಾಕಿ' ಎಂದು ವಾದಿಸಿದ್ದರು. ಹಾಗಾದರೆ ಅದೇ ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಯಾರದ್ದು? ದೇಶಕ್ಕೆಲ್ಲ ಒಂದೇ ಗ್ರಿಡ್, ಒಂದೇ ಸರಾಸರಿ. ಇಂಟರ್ನೆಟ್ಟಿನ ಪುಕ್ಕಟೆ ಕ್ಯಾಲ್ಕುಲೇಟರ್‌ಗಳನ್ನು ಮಾತ್ರ ಮುಟ್ಟಬೇಡಿ. ಬಹಳಷ್ಟರಲ್ಲಿ ಬ್ರಿಟನ್ನಿನ 0.2ರ ಆಸುಪಾಸಿನ ಅಂಕಿ ಕೂತಿರುತ್ತದೆ. ಬಿಲ್ಲಿನ ರೂಪಾಯಿ ಕೇಳುವ ಕ್ಯಾಲ್ಕುಲೇಟರ್ ಅಂತೂ ಕಸದ ಬುಟ್ಟಿಗೆ.

ಎಸಿ, ಮರ, ಕಡತ

ವರ್ಷದಲ್ಲಿ ಎಸಿಗೆ ತುಂಬಿಸಿದ ಗ್ಯಾಸ್ ಬರೆಯಿರಿ, ಅಷ್ಟು ಸೋರಿದೆ ಎಂದೇ ಲೆಕ್ಕ. ಎಸಿ ಗ್ಯಾಸ್ ಆರ್-410ಎ ಒಂದು ಕೆ.ಜಿ. ಸೋರಿದರೆ ಎರಡು ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ವನಮಹೋತ್ಸವಕ್ಕೆ ನೆಟ್ಟ ಗಿಡಗಳನ್ನು ಮೊತ್ತದಿಂದ ಕಳೆಯಬೇಡಿ, ಫೋಟೊ ಬೇಕಾದರೆ ಲಗತ್ತಿಸಿ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೆಪ್ಟೆಂಬರ್ 30ರೊಳಗೆ ಕೊಡುವ ಫಾರ್ಮ್ 5ರಲ್ಲಿ ಉತ್ಪಾದನೆ, ಕಚ್ಚಾಮಾಲಿನ ಅಂಕಿ ಇರುತ್ತದೆ. ಅದೂ ಈ ಫಾರ್ಮಿನ ಅಂಕಿಯೂ ಹೊಂದಬೇಕು, ಇಲ್ಲದಿದ್ದರೆ ತಪಾಸಣೆಗೆ ಬಂದವರು ಮೊದಲು ಹಿಡಿಯುವುದು ಅದನ್ನೇ. ಬಳಸಿದ ಗುಣಕಗಳನ್ನೂ (2.68, 2.98, 0.7 ಥರದವು) ಅವು ಯಾವ ವರ್ಷದವೆಂದೂ ಒಂದು ಹಾಳೆಯಲ್ಲಿ ಬರೆದು ಫಾರ್ಮ್ ಜೊತೆ ಪಿನ್ ಮಾಡಿ. ಮಾರ್ಚ್ 31 ಭಾನುವಾರ ಬಂದರೂ ಟ್ಯಾಂಕಿಗೆ ಕೋಲು ಇಳಿಸಲು ಒಬ್ಬರನ್ನು ಕರೆಸಿ.