ನಾರ್ವೆಯ ಸೇಬಿನ ಕೇಕ್ ಎಪ್ಲೆಕಾಕೆ: ಬೆಣ್ಣೆ, ಹುಳಿ ಸೇಬು ಮತ್ತು ಕೆಳಗಿನ ಬಿಸಿ

ಎಪ್ಲೆಕಾಕೆ ನಾರ್ವೆಯ ಮನೆಗಳಲ್ಲಿ ದಿನನಿತ್ಯಕ್ಕೆ ಮಾಡುವ ಸೇಬಿನ ಕೇಕ್. ಕೆಳಗೆ ಬೆಣ್ಣೆ ಹಾಕಿದ ಮೆತ್ತನೆಯ ಕೇಕ್, ಅದರ ಮೇಲೆ ಒತ್ತೊತ್ತಾಗಿ ಜೋಡಿಸಿದ ಸೇಬಿನ ಹೋಳು, ಎಲ್ಲಕ್ಕೂ ಮೇಲೆ ಸಕ್ಕರೆ ಮತ್ತು ಚಕ್ಕೆ ಪುಡಿ. ಕ್ರೀಮಿನ ಅಲಂಕಾರ, ಪದರಗಳು ಯಾವುದೂ ಇಲ್ಲ. ಸಾಮಾನು ಇಷ್ಟು ಕಡಿಮೆ ಇರುವುದರಿಂದ ಒಂದೊಂದರ ಗುಣವೂ ನಾಲಿಗೆಗೆ ನೇರವಾಗಿ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಇದು ಕೆಡುವುದು ಹೆಚ್ಚಾಗಿ ಮೂರೇ ಕಾರಣಕ್ಕೆ: ಬೆಣ್ಣೆ ವಿಪರೀತ ಕರಗಿರುತ್ತದೆ, ಸೇಬಿನಲ್ಲಿ ಹುಳಿ ಇರುವುದಿಲ್ಲ, ಅಥವಾ ಓವನ್‌ನಲ್ಲಿ ಕೆಳಗಿನ ಬಿಸಿ ಸಾಲುವುದಿಲ್ಲ.

ನಾನು ಬಳಸುವುದು 24 ಸೆಂ.ಮೀ. ಅಗಲದ, ಪಕ್ಕದ ಕೊಂಡಿ ಬಿಚ್ಚಿದರೆ ಗೋಡೆ ಕಳಚಿಕೊಳ್ಳುವ ಟಿನ್. ಅದಕ್ಕೆ ಬೆಣ್ಣೆ 150 ಗ್ರಾಂ, ಸಕ್ಕರೆ 150 ಗ್ರಾಂ, ಮೈದಾ 150 ಗ್ರಾಂ, ಸಿಪ್ಪೆ ತೆಗೆದ ಮೇಲೆ ತೂಗಿದ ಮೊಟ್ಟೆ 150 ಗ್ರಾಂ. ಜೊತೆಗೆ ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲು ಎರಡು ದೊಡ್ಡ ಚಮಚ, ಆಗಷ್ಟೇ ಕುಟ್ಟಿದ ಏಲಕ್ಕಿ ಅರ್ಧ ಟೀ ಚಮಚ. ಸೇಬು ಮಧ್ಯಮ ಗಾತ್ರದ್ದು ನಾಲ್ಕು, ಅಂದರೆ 500ರಿಂದ 600 ಗ್ರಾಂ. ಮೇಲೆ ಉದುರಿಸಲು ಎರಡು ದೊಡ್ಡ ಚಮಚ ಸಕ್ಕರೆಗೆ ಒಂದು ಟೀ ಚಮಚ ಚಕ್ಕೆ ಪುಡಿ, ಬೇಕಿದ್ದರೆ ತೆಳ್ಳಗೆ ಹೆಚ್ಚಿದ ಬಾದಾಮಿ ಒಂದು ಹಿಡಿ.

ಮೊಟ್ಟೆಯನ್ನು ಲೆಕ್ಕ ಹಾಕದೆ ತೂಗುವುದಕ್ಕೆ ಕಾರಣವಿದೆ. ನಾರ್ವೆಯ ಮೊಟ್ಟೆಗಳಾದರೆ ಮೂರು ಒಡೆದರೆ ಈ ತೂಕ ಬರುತ್ತದೆ. ನಮ್ಮ ಕಡೆಯ ಸಣ್ಣ ಮೊಟ್ಟೆಗೆ ಮೂರು ಸಾಲುವುದಿಲ್ಲ, ನಾಲ್ಕನೆಯದರಲ್ಲಿ ಸ್ವಲ್ಪ ಸೇರಿಸಬೇಕಾಗುತ್ತದೆ. ನಾರ್ವೇಜಿಯನ್ ಪಾಕವಿಧಾನಗಳಲ್ಲಿ ಹಿಟ್ಟು, ಸಕ್ಕರೆಯನ್ನೂ ಡೆಸಿಲೀಟರ್‌ನಲ್ಲಿ ಅಳೆಯುವ ರೂಢಿ. ಒಂದು ಡೆಸಿಲೀಟರ್ ಎಂದರೆ 100 ಮಿ.ಲೀ. ಅಷ್ಟು ಮೈದಾ ಸುಮಾರು 60 ಗ್ರಾಂ, ಸಕ್ಕರೆ ಸುಮಾರು 90 ಗ್ರಾಂ ತೂಗುತ್ತದೆ. ಮೈದಾವನ್ನು ಅಳತೆಗೆ ಒತ್ತಿ ತುಂಬಿದರೆ ತೂಕ ಸಲೀಸಾಗಿ ಏರಿ ಕೇಕ್ ಒಣಗುತ್ತದೆ. ಹಾಗಾಗಿ ನಾನು ತಕ್ಕಡಿ ಬಿಟ್ಟು ಮಾಡುವುದಿಲ್ಲ. ನಾರ್ವೆಯ ಮಾಮೂಲಿ ಬೆಣ್ಣೆಯಲ್ಲಿ ಉಪ್ಪು ಇರುವುದರಿಂದ ಬೇರೆ ಉಪ್ಪು ಬೇಡ. ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಟೀ ಚಮಚ ಸೇರಿಸಿ. ಮನೆಯಲ್ಲಿ ಕಡೆದ ಬೆಣ್ಣೆ ಈ ಕೇಕಿಗೆ ಒಗ್ಗುವುದಿಲ್ಲ. ಅದರಲ್ಲಿ ನೀರು, ಮಜ್ಜಿಗೆಯ ಅಂಶ ಹೆಚ್ಚು, ಎಷ್ಟೆಂದು ಹೇಳುವಂತೆಯೂ ಇಲ್ಲ.

ಇನ್ನು ಸೇಬು. ನಾರ್ವೆಯ ಪಶ್ಚಿಮದಲ್ಲಿ, ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲಾದ ಹಾರ್ಡಾಂಗರ್ ಫ್ಯೋರ್ಡಿನ ಇಳಿಜಾರುಗಳಲ್ಲಿ ಸೇಬಿನ ತೋಟಗಳಿವೆ. ಆಗಸ್ಟ್‌ನಲ್ಲಿ ಡಿಸ್ಕವರಿ, ಸಮರ್‌ರೆಡ್ ತಳಿಗಳು ಮಾರುಕಟ್ಟೆಗೆ ಬರುತ್ತವೆ, ಸೆಪ್ಟೆಂಬರ್‌ನಲ್ಲಿ ಗ್ರಾವೆನ್‌ಸ್ಟೈನ್, ಅದರ ಹಿಂದೆಯೇ ಅರೋಮಾ. ಈ ಕೇಕಿಗೆ ನನ್ನ ಮೊದಲ ಆಯ್ಕೆ ಗ್ರಾವೆನ್‌ಸ್ಟೈನ್. ಘಮ ಜೋರು, ಹುಳಿ ಸಾಕಷ್ಟು, ಬೆಂದಾಗ ಮೆತ್ತಗಾದರೂ ಹೋಳಿನ ಆಕಾರ ಪೂರ್ತಿ ಕಳೆದುಕೊಳ್ಳುವುದಿಲ್ಲ. ಅರೋಮಾ ಸ್ವಲ್ಪ ಸಿಹಿ, ಆದರೆ ಗಟ್ಟಿಯಾಗಿ ನಿಲ್ಲುತ್ತದೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡುವವರಿಗೆ ಸುಲಭವಾಗಿ ಸಿಗುವುದು ಶಿಮ್ಲಾ ಕಡೆಯ ರಾಯಲ್ ಡೆಲಿಷಿಯಸ್. ಹಾಗೇ ತಿನ್ನಲು ಸೊಗಸು, ಕೇಕಿಗೆ ಮಾತ್ರ ಸಪ್ಪೆ. ಸಿಹಿ ಕೇಕಿನ ಮೇಲೆ ಸಿಹಿ ಸೇಬು ಕೂತರೆ ಎರಡು ತುತ್ತಿಗೇ ಸಾಕೆನಿಸುತ್ತದೆ. ಹಸಿರು ಗ್ರಾನಿ ಸ್ಮಿತ್ ಸಿಕ್ಕರೆ ಅರ್ಧ ಅದು, ಅರ್ಧ ಶಿಮ್ಲಾ ಸೇಬು ಹಾಕಿ. ಅದೂ ಸಿಗದಿದ್ದರೆ ಹೋಳುಗಳಿಗೆ ಒಂದು ದೊಡ್ಡ ಚಮಚ ನಿಂಬೆರಸ ಸವರಿ, ಕೇಕಿನ ಸಕ್ಕರೆಯನ್ನು 130 ಗ್ರಾಂಗೆ ಇಳಿಸಿ. ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಒಳಗೆ ಹಿಟ್ಟುಹಿಟ್ಟಾದ ಸೇಬನ್ನು ಮುಟ್ಟಲೇಬೇಡಿ. ಯಾವ ಸೇಬಾದರೂ ಮುಂಚೆಯೇ ಸಕ್ಕರೆ ಬೆರೆಸಿ ಇಡಬಾರದು. ನೀರೆಲ್ಲ ಹೊರಬಂದು ಕೇಕಿನೊಳಗೆ ಇಳಿಯುತ್ತದೆ.

ಏಲಕ್ಕಿ ನೋಡಿ ಇದು ನಮ್ಮ ಸೇರ್ಪಡೆ ಎಂದುಕೊಳ್ಳಬೇಡಿ. ನಾರ್ವೆಯ ಬನ್ನು, ವಾಫಲ್, ಕೇಕುಗಳಲ್ಲಿ ಏಲಕ್ಕಿ ಮನೆಮಾತು. ಅಲ್ಲಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಪುಡಿ ಮಾಡಿ ಪೊಟ್ಟಣ ಕಟ್ಟಿದ್ದು, ಪರಿಮಳ ಬೇಗ ಇಳಿಯುತ್ತದೆ. ಕೊಡಗು, ಸಕಲೇಶಪುರದ ಕಡೆಯ ಹಸಿರು ಏಲಕ್ಕಿ ಐದಾರು ಬಿಡಿಸಿ, ಕಾಳನ್ನು ಒಂದು ಚಿಟಿಕೆ ಸಕ್ಕರೆಯೊಂದಿಗೆ ತರಿತರಿಯಾಗಿ ಕುಟ್ಟಿ. ನುಣ್ಣಗೆ ಅರೆಯುವುದು ಬೇಡ, ಕಾಳಿನ ಚೂರು ಹಲ್ಲಿಗೆ ಸಿಕ್ಕಾಗಲೇ ರುಚಿ.

ಓವನ್ ಅನ್ನು 180 ಡಿಗ್ರಿಗೆ, ಫ್ಯಾನ್ ಇಲ್ಲದೆ, ಮೇಲೆ ಕೆಳಗೆ ಎರಡೂ ಕಡೆಯ ಬಿಸಿಯಿಟ್ಟು ಕಾಯಿಸಿ. ಫ್ಯಾನ್ ಆಫ್ ಮಾಡಲು ಬಾರದ ಓವನ್ ಆದರೆ 160-165 ಸಾಕು. ಟಿನ್ನಿನ ತಳಕ್ಕೆ ಬೇಕಿಂಗ್ ಪೇಪರ್ ಹಾಕಿ, ಒಳಗೋಡೆಗೆ ಬೆಣ್ಣೆ ಸವರಿ.

ಬೆಣ್ಣೆ ಸಕ್ಕರೆ ನೊರೆಬರಿಸುವ ಕೆಲಸದಲ್ಲೇ ಕೇಕಿನ ಹಣೆಬರಹ ಅರ್ಧ ತೀರ್ಮಾನವಾಗುತ್ತದೆ. ಪಾಕವಿಧಾನಗಳಲ್ಲಿ ‘ಕೋಣೆಯ ಉಷ್ಣಾಂಶದ ಬೆಣ್ಣೆ’ ಎಂದಿರುತ್ತದೆ. ಅದು ಬರೆದಿರುವುದು 20 ಡಿಗ್ರಿ ಆಸುಪಾಸಿನ ಕೋಣೆಗೆ. ಮಂಗಳೂರಿನ ಅಡುಗೆಮನೆಯಲ್ಲಿ 30 ದಾಟಿದಾಗ ಅದೇ ಮಾತು ಕೇಳಿ ಬೆಣ್ಣೆಯನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಎಣ್ಣೆಯಂತಾಗುತ್ತದೆ. ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಗಾಳಿಯ ಸಣ್ಣ ಗುಳ್ಳೆಗಳನ್ನು ಸೇರಿಸಬೇಕು, ಬೆಣ್ಣೆ ಆ ಗುಳ್ಳೆಗಳನ್ನು ಹಿಡಿದಿಡುವಷ್ಟು ಗಟ್ಟಿ ಇರಬೇಕು. ಬೆರಳಿಟ್ಟು ಒತ್ತಿದರೆ ಗುಂಡಿ ಬೀಳಬೇಕು, ಬೆರಳಿಗೆ ಜಿಡ್ಡು ಹೊಳೆಯಬಾರದು. ಸೆಕೆಗಾಲದಲ್ಲಿ ಫ್ರಿಜ್‌ನಿಂದ ತೆಗೆದು ತುಂಡು ಮಾಡಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಈ ಹದ ಬರುತ್ತದೆ.

ನಮ್ಮ ಅಂಗಡಿ ಸಕ್ಕರೆಯ ಹರಳು ನಾರ್ವೆಯದಕ್ಕಿಂತ ದಪ್ಪ. ಅದನ್ನು ಮಿಕ್ಸಿಯಲ್ಲಿ ಒಂದೆರಡು ಸಲ ‘ಗುರ್’ ಅನ್ನಿಸಿ ಸಣ್ಣ ರವೆಯ ಹದಕ್ಕೆ ತನ್ನಿ. ಪೂರ್ತಿ ಪುಡಿ ಮಾಡಿದರೆ ಗಾಳಿ ಸೇರಿಸಲು ಹರಳೇ ಉಳಿಯುವುದಿಲ್ಲ. ಕೈ ಬೀಟರ್‌ನಲ್ಲಿ ನಾಲ್ಕೈದು ನಿಮಿಷ ಹೊಡೆದಾಗ ಹಳದಿ ಬಣ್ಣ ಮಾಸಿ ಬಿಳುಪಾಗುತ್ತದೆ, ಪ್ರಮಾಣವೂ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ಮೊಟ್ಟೆಯನ್ನು ಕದಡಿಟ್ಟುಕೊಂಡು ನಾಲ್ಕೈದು ಕಂತಿನಲ್ಲಿ ಸೇರಿಸಿ, ಪ್ರತಿ ಸಲವೂ ಪೂರ್ತಿ ಬೆರೆತ ಮೇಲೇ ಮುಂದಿನದು. ಫ್ರಿಜ್‌ನಿಂದ ನೇರ ತೆಗೆದ ಮೊಟ್ಟೆ ಹಾಕಿದರೆ ಬೆಣ್ಣೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ. ಒಡೆದರೆ ಚೆಲ್ಲುವುದು ಬೇಡ, ಅಳೆದಿಟ್ಟ ಮೈದಾದಿಂದಲೇ ಒಂದು ದೊಡ್ಡ ಚಮಚ ಹಾಕಿ ತಿರುವಿದರೆ ಕೂಡಿಕೊಳ್ಳುತ್ತದೆ. ಆಮೇಲೆ ಮೈದಾ, ಬೇಕಿಂಗ್ ಪೌಡರ್, ಏಲಕ್ಕಿ ಒಟ್ಟಿಗೆ ಜರಡಿ ಹಿಡಿದು, ಹಾಲಿನೊಂದಿಗೆ ಸ್ಪ್ಯಾಟುಲಾದಲ್ಲಿ ಮಡಚಿ ಮಡಚಿ ಬೆರೆಸಿ. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಬೇಕು. ಇಲ್ಲಿ ಬೀಟರ್ ಓಡಿಸಿದರೆ ಮೈದಾದ ಅಂಟು ಬಲಿತು ಕೇಕ್ ಬ್ರೆಡ್ಡಿನ ಹಾಗೆ ಎಳೆಯುತ್ತದೆ. ಹದ ಹೇಳುವುದಾದರೆ, ಇಡ್ಲಿ ಹಿಟ್ಟಿಗಿಂತ ಗಟ್ಟಿ, ಉದ್ದಿನವಡೆ ಹಿಟ್ಟಿಗಿಂತ ಸಡಿಲ. ಚಮಚ ಎತ್ತಿ ಒದರಿದರೆ ತಪ್ಪನೆ ಬೀಳಬೇಕು, ಹರಿಯಬಾರದು. ಹರಿಯುವಂತಿದ್ದರೆ ಸೇಬು ಮುಳುಗಿ ತಳ ಸೇರುವುದು ಖಂಡಿತ.

ಸೇಬನ್ನು ಕೊನೆಗೆ ಹೆಚ್ಚಿ. ಸಿಪ್ಪೆ ತೆಗೆದು ನಾಲ್ಕು ಭಾಗ ಮಾಡಿ, ಬೀಜದ ಗೂಡನ್ನು ಕೊರೆದು, ಪ್ರತಿ ಕಾಲುಭಾಗವನ್ನೂ 3-4 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಸೀಳಿ. ಬಿಲ್ಲೆಗಳನ್ನು ಚದುರಿಸದೆ, ಅಂಗೈಯಿಂದ ಓರೆಯಾಗಿ ಒತ್ತಿ ಬೀಸಣಿಗೆಯಂತೆ ಬಿಚ್ಚಿ, ಹಾಗೇ ಚಾಕುವಿನ ಮೇಲೆತ್ತಿ ಹಿಟ್ಟಿನ ಮೇಲಿಡಿ. ಅಂಚಿನಿಂದ ಶುರುಮಾಡಿ ನಡುವಿಗೆ ಬನ್ನಿ, ಬೆರಳ ತುದಿಯಿಂದ ಅರ್ಧ ಸೆಂ.ಮೀ.ನಷ್ಟು ಒತ್ತಿ. ನಡುವಿನಲ್ಲಿ ರಾಶಿ ಹಾಕುವ ಆಸೆ ಬೇಡ. ಕೊನೆಗೆ ಬೇಯುವ ಜಾಗವೇ ಅದು, ಸೇಬಿನ ನೀರೂ ಅಲ್ಲೇ ಸೇರಿದರೆ ಹಸಿಯಾಗಿ ಉಳಿದು ಗುಂಡಿ ಬೀಳುತ್ತದೆ. ಮೇಲೆ ಚಕ್ಕೆ ಸಕ್ಕರೆ ಉದುರಿಸಿ. ಈ ಸಕ್ಕರೆಯನ್ನು ಮಿಕ್ಸಿಗೆ ಹಾಕಬೇಡಿ, ದಪ್ಪ ಹರಳೇ ಮೇಲೆ ಗರಿಗರಿಯಾಗುವುದು.

ಟಿನ್ ಇಡಬೇಕಾದ್ದು ಕೆಳಗಿನಿಂದ ಎರಡನೆಯ ಹಂತದಲ್ಲಿ. ಸೇಬಿನ ತೇವ ಮೇಲಿನಿಂದ ಇಳಿಯುತ್ತಿರುತ್ತದೆ, ಅದನ್ನು ಎದುರಿಸಲು ತಳಕ್ಕೆ ಬಿಸಿ ಬೇಕು. ಮೇಜಿನ ಮೇಲಿಡುವ ಸಣ್ಣ ಓವನ್ ಆದ ಒಟಿಜಿಯಲ್ಲಿ ಮೇಲಿನ ರಾಡ್ ತೀರ ಹತ್ತಿರವಿರುವುದರಿಂದ ಇನ್ನೂ ಕೆಳಗಿಡಿ, ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ಗುಂಡಿ ತೋರಿಸುವ 180ಕ್ಕೂ ಒಳಗಿನ ನಿಜವಾದ ಬಿಸಿಗೂ ಎಷ್ಟೋ ಅಂತರವಿರಬಹುದು. ಬೇಯಲು 40ರಿಂದ 45 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬಾರದು. ಬಾದಾಮಿಯನ್ನು ಆಮೇಲೆ ಉದುರಿಸಿದರೆ ಕರಕಲಾಗುವುದಿಲ್ಲ. ಬೆಂದಿದೆಯೇ ಎಂದು ನೋಡಲು ಕಡ್ಡಿಯನ್ನು ಎರಡು ಸೇಬಿನ ನಡುವೆ, ಕೇಕಿನ ಭಾಗಕ್ಕೆ ಚುಚ್ಚಿ. ಸೇಬಿಗೆ ಚುಚ್ಚಿದ ಕಡ್ಡಿ ಯಾವಾಗಲೂ ಒದ್ದೆಯಾಗಿಯೇ ಬರುತ್ತದೆ, ಅದನ್ನು ನಂಬಿ ಹತ್ತು ನಿಮಿಷ ಹೆಚ್ಚು ಬೇಯಿಸಿದರೆ ಅಂಚೆಲ್ಲ ಒಣಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ ಸಾಕು. ಹೆಚ್ಚಾದರೆ ಬೇಗ ಉಬ್ಬಿ ಹಾಗೇ ಕುಸಿಯುತ್ತದೆ.

ಹೊರತೆಗೆದು ಹದಿನೈದು ನಿಮಿಷದ ಮೇಲೆ ಟಿನ್ನಿನ ಗೋಡೆ ಕಳಚಿ, ಇನ್ನೊಂದು ಇಪ್ಪತ್ತು ನಿಮಿಷ ಜಾಲರಿಯ ಮೇಲಿಡಿ. ಬಿಸಿಯಲ್ಲೇ ಕತ್ತರಿಸಿದರೆ ತಳ ಮುದ್ದೆಯಾಗುತ್ತದೆ. ನಾರ್ವೆಯಲ್ಲಿ ಉಗುರುಬೆಚ್ಚಗಿರುವಾಗ ವೆನಿಲಾ ಐಸ್‌ಕ್ರೀಮ್, ನೊರೆಬರಿಸಿದ ಕ್ರೀಮ್ ಅಥವಾ ಹುಳಿ ಕ್ರೀಮ್ ‘ರೊಮ್ಮೆ’ಯ ಜೊತೆ ಬಡಿಸುತ್ತಾರೆ. ಹುಳಿ ಕ್ರೀಮಿನದೇ ನನಗೆ ಹೆಚ್ಚು ಇಷ್ಟ. ಉಳಿದದ್ದನ್ನು ಸೆಕೆಯ ಊರಿನಲ್ಲಿ ಹೊರಗಿಡಬೇಡಿ, ಸೇಬಿನ ತೇವಕ್ಕೆ ಬೇಗ ಬೂಸು ಹಿಡಿಯುತ್ತದೆ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, 150 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೆ ಮೇಲಿನ ಸಕ್ಕರೆಗೆ ಮತ್ತೆ ಗರಿ ಬರುತ್ತದೆ.

ಹೆಚ್ಚು ಜನರಿಗಾದರೆ ನಾರ್ವೆಯವರು ಇದನ್ನೇ ‘ಲಾಂಗ್‌ಪನ್ನೆ’ ಎಂಬ ಓವನ್ ಅಗಲದ ತಟ್ಟೆಯಲ್ಲಿ ಮಾಡುತ್ತಾರೆ. 30×40 ಸೆಂ.ಮೀ. ತಟ್ಟೆಗೆ ಮೇಲಿನ ಅಳತೆಯ ಎರಡೂವರೆ ಪಟ್ಟು ಹಿಡಿಯುತ್ತದೆ. ಹಿಟ್ಟು ಸ್ವಲ್ಪ ತೆಳ್ಳಗೆ ಹರಡುವುದರಿಂದ 30 ನಿಮಿಷಕ್ಕೇ ಕಡ್ಡಿ ಚುಚ್ಚಿ ನೋಡಿ.

ಮೊಟ್ಟೆ ತಿನ್ನದವರು ಮೊಸರು ಹಾಕಿ ಮಾಡಬಹುದೇ ಎಂದು ಕೇಳುತ್ತಾರೆ. ಮಾಡಬಹುದು, ಆದರೆ ಸೇಬನ್ನು ಹೊರುವಷ್ಟು ಕಸುವು ಆ ಕೇಕಿಗೆ ಇರುವುದಿಲ್ಲ. ಅದರ ಬದಲು ನಾರ್ವೆಯದೇ ಇನ್ನೊಂದು ಹಳೆಯ ಸಿಹಿ ‘ತಿಲ್‌ಸ್ಲೋರ್ಟೆ ಬೊನ್ನೆಪೀಕೆರ್’ ಮಾಡಿ, ಅದರಲ್ಲಿ ಮೊಟ್ಟೆಯೇ ಇಲ್ಲ. 500 ಗ್ರಾಂ ಸೇಬನ್ನು 50 ಗ್ರಾಂ ಸಕ್ಕರೆ, ಸ್ವಲ್ಪ ನೀರು ಹಾಕಿ ಮೆತ್ತಗೆ ಬೇಯಿಸಿ ಪೂರ್ತಿ ಆರಿಸಿ. ಸಾದಾ ರಸ್ಕ್ 100 ಗ್ರಾಂ ತರಿಯಾಗಿ ಪುಡಿ ಮಾಡಿ, 30 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಅದನ್ನೂ ಆರಿಸಿ. 200 ಮಿ.ಲೀ. ಕ್ರೀಮ್ ನೊರೆಬರಿಸಿ. ನಾರ್ವೆಯ ಕ್ರೀಮಿನಲ್ಲಿ ಶೇ. 38 ಕೊಬ್ಬು ಇರುತ್ತದೆ. ನಮ್ಮಲ್ಲಿ ಪೊಟ್ಟಣದಲ್ಲಿ ಬರುವ ಶೇ. 25ರ ಫ್ರೆಶ್ ಕ್ರೀಮ್ ಎಷ್ಟು ಹೊಡೆದರೂ ನಿಲ್ಲುವುದಿಲ್ಲ, ಶೇ. 35 ಇರುವ ವಿಪ್ಪಿಂಗ್ ಕ್ರೀಮೇ ಬೇಕು. ಗಾಜಿನ ಲೋಟದಲ್ಲಿ ಸೇಬು, ರಸ್ಕ್ ಪುಡಿ, ಕ್ರೀಮ್ ಎಂದು ಎರಡು ಸುತ್ತು ಪದರ ಹಾಕಿ. ಇದನ್ನು ಬಡಿಸುವ ಹೊತ್ತಿಗೇ ಜೋಡಿಸಿ, ಮುಂಚೆ ಮಾಡಿಟ್ಟರೆ ರಸ್ಕ್ ರಸ ಕುಡಿದು ಗರಿ ಕಳೆದುಕೊಳ್ಳುತ್ತದೆ.