ಸ್ಪ್ಯಾನಿಷ್ ಕ್ರಿಯಾಪದಕ್ಕೆ ಲಘು-ಗುರು ಹಾಕಿಸಿದೆ, ಕೆಲಸ ಆಯ್ತು

ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುವವರಿಗೆಲ್ಲ ಈ ಕಾಟ ಗೊತ್ತು. 'ಅಬ್ಲೊ' ಅಂದರೆ ನಾನು ಮಾತಾಡುತ್ತೇನೆ. ಭಾರ, ಅಂದರೆ ಒತ್ತಿ ಹೇಳುವ ಜಾಗ, ಕೊನೆಗೆ ಹೋದರೆ ಅವನು ಮಾತಾಡಿದ. ನಮ್ಮ ಹುಡುಗರಿಗೆ ಎರಡೂ ಒಂದೇ. ಉಚ್ಚಾರಣೆಯ ಆ್ಯಪ್‌ಗೆ ವರ್ಷಕ್ಕೆ ನಾಲ್ಕೈದು ಸಾವಿರ ಕಟ್ಟಿದೆ. ಬಣ್ಣದ ಕಾರ್ಡ್ ಪ್ರಿಂಟ್‌ಗೆ ಇನ್ನೆರಡು ಸಾವಿರ ಹೋಯ್ತು. ಕಾರ್ಡ್ ನೋಡಿ ಓದುವಾಗ ಸರಿ, ಮಾತಿಗೆ ಕೂತರೆ ಮತ್ತೆ ಅದೇ ಕಥೆ. ಭಾರ ಇರುವಲ್ಲಿ ದೀರ್ಘ ಬರೆಸಿ ನೋಡಿದೆ. ಎಲ್ಲರೂ 'ಅಬ್ಲೋಓಓ' ಎಂದು ರಾಗ ಎಳೆದರು.

ಆಮೇಲೆ ಹೈಸ್ಕೂಲಿನ ಪ್ರಸ್ತಾರ ಹಿಡಿದೆ. ಭಾರ ಬೀಳುವಲ್ಲಿ ಗುರು, ಉಳಿದದ್ದು ಲಘು, ಮಾತ್ರೆ ಲೆಕ್ಕ ಬೇಡ, ಎಣಿಸುವುದು ಬಲಗಡೆಯಿಂದ. 'ಕಂದಪದ್ಯ ಹೇಳಿಸ್ತೀರಾ ಸಾರ್' ಎಂದು ಜೊತೆಯ ಟೀಚರ್ ಒಬ್ಬರು ನಕ್ಕರು. ನಗಲಿ, ನನ್ನ ಬ್ಯಾಚಿನಲ್ಲಿ ಈಗ ಮುಕ್ಕಾಲು ಪಾಲು ಜನ ತಡವರಿಸುವುದಿಲ್ಲ.

ಗುರು ಹಾಕುವ ಮೊದಲು ಪದವನ್ನು ತುಂಡಾಗಿ ಬಿಡಿಸಬೇಕಲ್ವಾ, ತೊಡಕೆಲ್ಲ ಅಲ್ಲೇ. ನಮ್ಮ ಕೈ ಕೊ-ಮಿ-ಸ್ತೆ ಎಂದು ಬಿಡಿಸುತ್ತದೆ, ಬೇಕಿರುವುದು ಕೊ-ಮಿಸ್-ತೆ. ಆದರೆ ಅ-ಬ್ಲೊ ಹಾಗೇ ಇರಲಿ. ಪ, ಬ, ಕ, ಗ, ಫ ಕೆಳಗೆ ರ ಅಥವಾ ಲ ಒತ್ತು ಬಂದರೆ ಮುಟ್ಟಬೇಡಿ; ತ, ದ ಕೆಳಗೆ ರ ಬಂದರೂ ಅಷ್ಟೇ. ಯ, ವ ಒತ್ತು ಬಿಟ್ಟು ಮಿಕ್ಕ ಒತ್ತಕ್ಷರ ಒಡೆಯಿರಿ.

ಜಾಸ್ತಿ ಲಾಭ ಆಗಿದ್ದು ಯ, ವ ಒತ್ತುಗಳಿಂದ. 'ಕಾಂಬಿಯೊ' ಎಂದು ಬರೆದರೆ ಮೂರು ತುಂಡಾಗುತ್ತದೆ, ತಪ್ಪು. ಕಾಮ್-ಬ್ಯೊ, ಎರಡೇ. ಎನ್ವಿಯಾರ್ (ಕಳಿಸು) ಮಾತ್ರ ಬೇರೆ ಜಾತಿ: ಅದರ 'ನಾನು' ರೂಪ ಎನ್-ವಿ-ಒ, ಮೂರು, ಗುರು ನಡುವೆ. ಅದೇ ರೀತಿ ಅ-ವೆ-ರಿ-ಗ್ವೊ ಅಂಟುತ್ತದೆ, ಕೊನ್-ತಿ-ನು-ಒ ಬಿಡುತ್ತದೆ. ಗುರು ಒಂದರಲ್ಲಿ 'ರಿ' ಮೇಲೆ, ಇನ್ನೊಂದರಲ್ಲಿ 'ನು' ಮೇಲೆ. ಯಾವ ಕ್ರಿಯಾಪದ ಯಾವ ಜಾತಿ ಎಂದು ನೆನಪಿಡಿಸಲು ನನ್ನದೊಂದು ಕ್ರಮ ಇದೆ. ಅದನ್ನು ಇಲ್ಲಿ ಹೇಳಲ್ಲ, ಸಂಜೆ ಬ್ಯಾಚ್ ತುಂಬುವುದೇ ಅದರಿಂದ.

ಒಬ್ಬ ಹುಡುಗನ ಕ್ಲೈಂಟ್ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನವರು. ಸುಮ್ನೆ ಅಲ್ಲಿನ ರೂಪಗಳಿಗೂ ಪ್ರಸ್ತಾರ ಹಾಕಿ ನೋಡಿದೆವು. 'ನಿನ್ನ ಹತ್ತಿರ ಇದೆ' ಎನ್ನಲು ಸ್ಪೇನಿನ ತ್ಯೆ-ನೆಸ್‌ನಲ್ಲಿ ಗುರು ಮೊದಲು, ಅವರ ತೆ-ನೆಸ್‌ನಲ್ಲಿ ಕೊನೆಗೆ. ಅವನಿಗೆ ಒಂದೇ ಸಂಜೆಯಲ್ಲಿ ಬಂತು. ಬಾಲ ಅಂಟಿಸುವ ಆಟವೂ ಆಡಿದೆವು: ದಾ (ಕೊಡು), ದಾ-ಮೆ (ನನಗೆ ಕೊಡು), ದಾ-ಮೆ-ಲೊ (ಅದನ್ನು ನನಗೆ ಕೊಡು). ಬಾಲ ಬೆಳೆದರೂ ಗುರು ಜಾಗ ಬಿಡಲ್ಲ. ಹಾಗಾಗಿ ದಿ-ಸ್ಯೆನ್-ದೊ-ಮೆ-ಲೊ ನೋಡಿ ಯಾರೂ ಹೆದರಲಿಲ್ಲ.

ಕೈಕೊಡುವುದು 'ಗಿಯಾರ್' (ದಾರಿ ತೋರಿಸು) ಕ್ರಿಯಾಪದದ ಭೂತಕಾಲ. ಸ್ಪೇನಿನಲ್ಲಿ ಎಷ್ಟೋ ಜನ ಅದನ್ನು ಗಿ-ಒ ಎಂದು ಎರಡಾಗಿ ಹೇಳುತ್ತಾರೆ. ಆದರೆ ಸ್ಪ್ಯಾನಿಷ್ ಭಾಷಾ ಅಕಾಡೆಮಿಯ 2010ರ ನಿಯಮದಂತೆ ಬರವಣಿಗೆಯಲ್ಲಿ ಅದು ಒಂದೇ ತುಂಡು, ಭಾರ ತೋರಿಸುವ ಗೆರೆಯನ್ನು ಮೇಲೆ ಹಾಕುವಂತಿಲ್ಲ. ಪರೀಕ್ಷೆ ಬರೆಯುವವರಿಗೆ ಇದನ್ನು ಬೇರೆಯಾಗಿಯೇ ಬಾಯಿಪಾಠ ಮಾಡಿಸಿ.